ಚೆಕ್‌ರೋಲಿನ ಅಂಚಿನಲ್ಲಿ ಒಂದು ‘ಪು’

ನಾನು ಕಾಫಿ ಎಸ್ಟೇಟ್ ರೈಟರ್. ರೈಟರ್ ಅಂದ ಕೂಡಲೇ ಹೊರಗಿನವರು ಕಥೆ ಬರೆಯುವವನು ಅಂದುಕೊಳ್ಳುತ್ತಾರೆ. ನಾನು ಬರೆಯುವುದು ಚೆಕ್‌ರೋಲು. ಯಾವ ಆಳು ಬಂದ, ಯಾರು ಬರಲಿಲ್ಲ, ಯಾರದ್ದು ಅರ್ಧ ದಿನ, ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಬಟವಾಡೆಗೆ ಯಾರಿಗೆ ಎಷ್ಟು, ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಬೇಕು, ಇಷ್ಟೇ ನನ್ನ ಸಾಹಿತ್ಯ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಚಿಕ್ಕಮಗಳೂರು ಜಿಲ್ಲೆ, ಮಲೆನಾಡು ಭಾಗ. ಯಾವ ಎಸ್ಟೇಟು ಅಂತ ಬೇಡ, ಸಾಹುಕಾರರು ಒಳ್ಳೆಯವರು, ಅವರ ಹೆಸರು ಸುಮ್ನೆ ಯಾಕೆ.

ಹೋದ ವರ್ಷದ ಚೆಕ್‌ರೋಲ್ ತೆಗೆದರೆ ಒಬ್ಬ ಆಳಿನ ಸಾಲಿನಲ್ಲಿ ಕೆಲವು ಗೈರಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ‘ಪು’ ಅಂತ ಬರೆದಿದೆ. ಪುಟ್ಟಿಯ ಪು. ಅವಳ ನಿಜ ಹೆಸರು ಬರೆಯುವುದಿಲ್ಲ, ಇಡೀ ಲೈನು, ಅಂದರೆ ಆಳುಗಳ ಸಾಲುಮನೆ, ಅವಳನ್ನು ಪುಟ್ಟಿ ಅಂತಲೇ ಕರೆಯುತ್ತದೆ. ಅಪ್ಪ ಅಮ್ಮ ಕಡೂರು ಕಡೆಯಿಂದ ಇಪ್ಪತ್ತು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಘಟ್ಟಕ್ಕೆ ಬಂದವರು. ಬಂದಾಗ ಒಂದು ಸೀಸನ್ ಮಾತ್ರ ಅಂದುಕೊಂಡಿದ್ದರು, ಇಲ್ಲೇ ಉಳಿದರು. ಪುಟ್ಟಿ ಹುಟ್ಟಿದ್ದು ಇದೇ ಲೈನ್ ಮನೆಯಲ್ಲಿ.

ಸೆಕೆಂಡ್ ಪಿಯುನಲ್ಲಿದ್ದಾಗ, ಜನವರಿ ತಿಂಗಳು, ರೋಬಸ್ಟಾ ಕುಯ್ಲು ಜೋರಾಗಿ ನಡೆಯುತ್ತಿತ್ತು. ಸಂಜೆ ಹಣ್ಣು ತೂಕ ಹಾಕುವ ಹೊತ್ತಿಗೆ ಅವಳಪ್ಪ ಬಂದು ನಿಂತ. “ರೈಟ್ರೇ, ಮಗಳು ಅದೇನೋ ಸಿಇಟಿ ಕಟ್ಬೇಕಂತೆ. ನಂಗೇನೂ ತಿಳಿಯಲ್ಲ. ನೀವು ಒಂಚೂರು ನೋಡ್ಬೇಕು” ಅಂದ. ಸಿಇಟಿ ಅಂದರೆ ಇಂಜಿನಿಯರಿಂಗ್ ಥರದ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ನೋಡೋಣ ಬಿಡು ಮಾರಾಯ, ಅರ್ಜಿ ತುಂಬುವುದೇನು ದೊಡ್ಡ ಕೆಲಸ ಅಂದೆ. ದಿನವಿಡೀ ಕಾಗದ ಪತ್ರದ ನಡುವೆಯೇ ಇರುವವನು ನಾನು, ಅದರ ಜಂಬ.

ಆ ಜಂಬ ಇಳಿಯಲು ಏಳೆಂಟು ತಿಂಗಳು ಹಿಡಿಯಿತು.

ನನ್ನದೂ ಸೈನ್ಸೇ. ಕೊಪ್ಪ ಕಡೆಯವನು ನಾನು. ದಿನಾ ಸಹಕಾರ ಸಾರಿಗೆ ಬಸ್ಸಿನಲ್ಲಿ ಪಾಸ್ ಇಟ್ಟುಕೊಂಡು ಕಾಲೇಜಿಗೆ ಹೋಗಿ, ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್ ಗೋತಾ ಹೊಡೆದು ಅಲ್ಲಿಗೇ ನಿಲ್ಲಿಸಿದವನು. ಆ ಕಾಲದಲ್ಲಿ ಸಿಇಟಿ ಬರೆದವರು ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ಈಗ ಎಲ್ಲ ಆನ್‌ಲೈನು, ಕೂತಲ್ಲೇ ಆಗುತ್ತದೆ ಅಂತಾರೆ. ಕೂತಲ್ಲೇ ಆಗಬೇಕಾದರೆ ಕೂತ ಜಾಗದಲ್ಲಿ ನೆಟ್‌ವರ್ಕ್ ಇರಬೇಕಲ್ಲ? (ಆ ಸಹಕಾರ ಸಾರಿಗೆಯೂ ಈಗಿಲ್ಲ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ, 2020ರಲ್ಲಿ ನಿಂತುಹೋಯಿತು. ಅದು ನಿಂತ ದಿನ ನನಗೆ ಆದಷ್ಟು ಬೇಜಾರು ಫಿಸಿಕ್ಸ್ ಫೇಲಾದಾಗಲೂ ಆಗಿರಲಿಲ್ಲ.)

ಪುಟ್ಟಿ ನನಗಿಂತ ಬುದ್ಧಿವಂತೆ. ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ, ಪಿಯುಸಿಗೆ ಬಂದ ಕೂಡಲೇ ಎಲ್ಲಾ ಇಂಗ್ಲಿಷು. ಮೊದಲ ಮೂರು ತಿಂಗಳು ಕ್ಲಾಸಿನಲ್ಲಿ ಏನು ನಡೆಯುತ್ತಿದೆ ಅಂತಲೇ ಗೊತ್ತಾಗಲಿಲ್ಲವಂತೆ. ಅವಳ ಫಿಸಿಕ್ಸ್ ಪುಸ್ತಕ ನಾನು ನೋಡಿದ್ದೇನೆ. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬರೆದಿದ್ದಳು. ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ರಿಫ್ರ್ಯಾಕ್ಷನ್ ಅಂದರೆ ವಕ್ರೀಭವನ, ಕಾನ್‌ಕೇವ್ ಲೆನ್ಸ್ ಅಂದರೆ ನಿಮ್ನ ಮಸೂರ. ಪುಸ್ತಕದ ಮೊದಲ ಅರ್ಧದಲ್ಲಿ ಅಂಚು ತುಂಬಿ ಹೋಗಿತ್ತು, ಆಮೇಲಾಮೇಲೆ ಕಡಿಮೆಯಾಗುತ್ತಾ ಕೊನೆಯ ಪಾಠಗಳಲ್ಲಿ ಒಂದೋ ಎರಡೋ ಮಾತ್ರ. ಯಾರೂ ಹೇಳಿಕೊಟ್ಟಿದ್ದಲ್ಲ. ಟ್ಯೂಷನ್ ಅಂತೂ ದೂರದ ಮಾತು. ಸಿಇಟಿ ಕೋಚಿಂಗ್ ಬೇಕು ಅಂದರೆ ಚಿಕ್ಕಮಗಳೂರೋ ಹಾಸನವೋ, ಅಲ್ಲಿ ಇರುವುದೆಲ್ಲಿ, ಫೀಸು ಕೊಡುವುದೆಲ್ಲಿಂದ.

ಓದಿನ ಕಥೆ ಅವಳದ್ದು, ಅವಳೇ ಹೇಳಬೇಕು. ನಾನು ಹೇಳಬಲ್ಲದ್ದು ಕಾಗದದ ಕಥೆ.

ಮೊದಲು ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಅವರು 2ಎ, ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲೊಂದು. ಹೈಸ್ಕೂಲಿನಲ್ಲಿ ಮಾಡಿಸಿದ್ದೊಂದು ಇತ್ತು, ಐದು ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು. ಅದಕ್ಕಿಂತ ದೊಡ್ಡ ತೊಂದರೆ ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಅಪ್ಪ’ ಅಂತಿದೆ, ಆಧಾರ್‌ನಲ್ಲಿ ‘ಅಯ್ಯ’ ಅಂತಿದೆ. ಪುಟ್ಟಿಯ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ನಮ್ಮ ಚೆಕ್‌ರೋಲಿನಲ್ಲಿ ಇದ್ಯಾವುದೂ ಇಲ್ಲದ ಮೂರನೇ ಹೆಸರಿದೆ, ಅದು ನಾನೇ ಇಪ್ಪತ್ತು ವರ್ಷದ ಹಿಂದೆ ಬರೆದದ್ದು. ಅವನು ಏನು ಹೇಳಿದನೋ, ನನಗೆ ಏನು ಕೇಳಿಸಿತೋ.

ಇದರಲ್ಲಿ ಯಾವುದನ್ನು ತಿದ್ದಿಸಬೇಕು ಅನ್ನುವುದೇ ಮೊದಲ ಪ್ರಶ್ನೆ. ಯಾರನ್ನು ಕೇಳಿದರೂ ಒಂದೊಂದು ಹೇಳುತ್ತಾರೆ. ಕೊನೆಗೆ ಒಂದು ವಿಷಯ ಅರ್ಥವಾಯಿತು: ಎಸ್ಸೆಸ್ಸೆಲ್ಸಿ ಕಾರ್ಡನ್ನು ಮುಟ್ಟಲು ಹೋಗಬಾರದು. ಮುಂದಿನದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳುವುದೇ ಸುಲಭ. ಅಂದರೆ ಮೊದಲು ಆಧಾರ್, ಆಮೇಲೆ ನಾಡಕಚೇರಿ.

ಆಧಾರ್ ಕೇಂದ್ರಕ್ಕೆ ಅಪ್ಪ ಮಗಳು ಇಬ್ಬರೂ ಹೋದರು. ಪೇಟೆಗೆ ನಮ್ಮಲ್ಲಿಂದ 14 ಕಿಲೋಮೀಟರ್, ಬೆಳಿಗ್ಗೆ ಎಂಟೂಕಾಲಿನ ಖಾಸಗಿ ಬಸ್ಸು, ಅದು ಬಿಟ್ಟರೆ ಹನ್ನೊಂದಕ್ಕೆ. ಇವರು ಮುಟ್ಟುವ ಹೊತ್ತಿಗೆ ಅವತ್ತಿನ ಟೋಕನ್ ಮುಗಿದಿತ್ತು. ಪೇಟೆಯಲ್ಲೇ ಇರುವವರು ಆರು ಗಂಟೆಗೇ ಬಂದು ಸಾಲಿನಲ್ಲಿ ನಿಂತಿರುತ್ತಾರಲ್ಲ. ಎರಡನೇ ಸಲ ಹಿಂದಿನ ದಿನವೇ ಹೋಗಿ ಪರಿಚಯದವರ ಮನೆಯಲ್ಲಿ ಮಲಗಿದ್ದು ಬೆಳಿಗ್ಗೆ ಟೋಕನ್ ಹಿಡಿದರು. ಎರಡು ದಿನದ ಹಾಜರಿ ಹೋಯಿತು. ಕುಯ್ಲಿನ ಸಮಯ ಬೇರೆ, ಆಗ ಕೆಜಿ ಲೆಕ್ಕದಲ್ಲಿ ದುಡ್ಡು, ವರ್ಷದಲ್ಲಿ ಅವರ ಕೈಗೆ ನಾಲ್ಕು ಕಾಸು ಜಾಸ್ತಿ ಬರುವುದು ಆಗ ಮಾತ್ರ. ನಾನು ಗೈರು ಹಾಕುವಾಗ ಸುಮ್ಮನೆ ಪಕ್ಕದಲ್ಲಿ ‘ಪು’ ಅಂತ ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ. ಸಾಹುಕಾರರು ಕೇಳಿದರೆ ಕುಡಿದು ಮಲಗಿದ್ದಲ್ಲ ಅಂತ ಹೇಳಲು ಇರಲಿ ಅಂತಿರಬೇಕು.

ನಾಡಕಚೇರಿ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಅರ್ಜಿ ಕೊಟ್ಟು, ವಿಲೇಜ್ ಅಕೌಂಟೆಂಟ್ ವಿಚಾರಣೆಗೆ ಬಂದು, ಮೂರು ವಾರದಲ್ಲಿ ಪತ್ರ ಬಂತು. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಉದ್ದದ ನಂಬರು. ಸಿಇಟಿ ಅರ್ಜಿಯಲ್ಲಿ ಆ ನಂಬರು ಹಾಕಿದರೆ ಜಾತಿ, ಆದಾಯ ಎಲ್ಲ ತಾನಾಗೇ ಬರುತ್ತದೆ. ಇದೊಂದು ನಿಜಕ್ಕೂ ಒಳ್ಳೆಯ ಏರ್ಪಾಡು, ಬೈಯುವಾಗ ಇದನ್ನೂ ಹೇಳಬೇಕಲ್ವಾ.

ಎಲ್ಲಕ್ಕಿಂತ ಸುತ್ತಿಸಿದ್ದು ಗ್ರಾಮೀಣ ವ್ಯಾಸಂಗದ ಪತ್ರ.

ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 15 ಪರ್ಸೆಂಟ್, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಒಳಮೀಸಲು ಇದೆ. ಗ್ರಾಮೀಣ ಅನ್ನಿಸಿಕೊಳ್ಳಲು ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಇಲ್ಲಿ ಹಳ್ಳಿ ಅಂದರೆ ನೀವು ನಾವು ಅಂದುಕೊಂಡ ಹಳ್ಳಿಯಲ್ಲ. ಕೊಪ್ಪ, ಶೃಂಗೇರಿ, ಮೂಡಿಗೆರೆ, ನರಸಿಂಹರಾಜಪುರ ಇವೆಲ್ಲ ಪಟ್ಟಣ ಪಂಚಾಯಿತಿ, ಅಂದಮೇಲೆ ಅಲ್ಲಿ ಓದಿದ್ದು ಗ್ರಾಮೀಣ ಆಗುವುದಿಲ್ಲ. ಮಗು ಕಾಡೊಳಗಿನ ಮನೆಯಿಂದ ಎರಡು ಕಿಲೋಮೀಟರ್ ನಡೆದು ಬಸ್ ಹಿಡಿದು ಬಂದು ಓದಿರಲಿ, ಶಾಲೆಯ ಬೋರ್ಡು ಪೇಟೆಯ ಗಡಿಯೊಳಗಿದ್ದರೆ ಮುಗಿಯಿತು. ಒಂದೇ ಒಂದು ವರ್ಷ ಅಲ್ಲಿ ಓದಿದರೂ ಹೋಯಿತು. ಎಂಟನೇ ಕ್ಲಾಸಿಗೆ ಮಗುವನ್ನು ಸೇರಿಸುವಾಗ ಯಾವ ಅಪ್ಪನಿಗೆ ಇದು ಗೊತ್ತಿರುತ್ತದೆ? ಪೇಟೆ ಶಾಲೆ ಚೆನ್ನಾಗಿದೆ ಅಂತ ಕಷ್ಟಪಟ್ಟು ಅಲ್ಲಿಗೇ ಹಾಕುತ್ತಾರೆ.

ಪುಟ್ಟಿಯ ಅದೃಷ್ಟಕ್ಕೆ ಅವಳ ಹೈಸ್ಕೂಲು ಗ್ರಾಮ ಪಂಚಾಯಿತಿ ಊರಿನಲ್ಲಿತ್ತು. ಹಾಗಂತ ಯಾರೂ ಯೋಚಿಸಿ ಸೇರಿಸಿದ್ದಲ್ಲ, ಬಸ್ ಅಲ್ಲಿಗಿತ್ತು ಅಷ್ಟೇ.

ತೊಂದರೆ ಇದ್ದದ್ದು ಕೆಳಗಿನ ಕ್ಲಾಸುಗಳಲ್ಲಿ. ಅವಳು ಒಂದರಿಂದ ಐದು ಓದಿದ ಕಿರಿಯ ಪ್ರಾಥಮಿಕ ಶಾಲೆ ಈಗ ಇಲ್ಲ. ಎಸ್ಟೇಟಿನ ಗೇಟಿನಿಂದ ಸ್ವಲ್ಪ ಮುಂದೆ, ಎರಡು ಕೋಣೆ, ಮುಂದೊಂದು ಧ್ವಜದ ಕಟ್ಟೆ. ಮಕ್ಕಳು ಇಪ್ಪತ್ತಿದ್ದದ್ದು ಹತ್ತಾಗಿ, ಹತ್ತಿದ್ದದ್ದು ನಾಲ್ಕಾಗಿ, ಕೊನೆಗೆ ಬಾಗಿಲು ಹಾಕಿತು. ಈಗ ಅಲ್ಲಿ ಯಾರದ್ದೋ ಸೌದೆ ಇದೆ. ಇಲ್ಲದ ಶಾಲೆಯ ಮುಖ್ಯ ಶಿಕ್ಷಕರ ಸಹಿ ಎಲ್ಲಿಂದ ತರುವುದು?

ವಿಚಾರಿಸಿದಾಗ ಗೊತ್ತಾಯಿತು, ಮುಚ್ಚಿದ ಶಾಲೆಯ ದಾಖಲೆಗಳು ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿವೆ. ಈ ಸಲ ನಾನೇ ಜೊತೆಗೆ ಹೋದೆ. ಅಲ್ಲಿನ ಮೇಡಂ ಪಾಪ ಬೀರು ತೆಗೆದು, ಗೆದ್ದಲು ಹಿಡಿದ ಕಟ್ಟುಗಳನ್ನು ಒಂದೊಂದೇ ಬಿಚ್ಚಿ ಮೇಜಿನ ಮೇಲೆ ಹರಡಿದರು. ದಾಖಲಾತಿ ಪುಸ್ತಕದ ಬೈಂಡು ಕಿತ್ತುಹೋಗಿತ್ತು, ಹಾಳೆಯ ಒಂದು ಮೂಲೆ ಹುಳ ತಿಂದು ಜಾಲರಿಯಾಗಿತ್ತು. ಪುಟ್ಟಿಯೇ ಬೆರಳಿಟ್ಟು ಹುಡುಕಿದಳು. ಸಿಕ್ಕಿತು. ನೀಲಿ ಇಂಕು, ದುಂಡು ಅಕ್ಷರ, ಅವಳ ಹೆಸರು, ಹುಟ್ಟಿದ ತಾರೀಕು, ತಂದೆಯ ಉದ್ಯೋಗ ಅನ್ನುವ ಕಡೆ ‘ಕೂಲಿ’. ಅದರ ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಕಡೆ ಕೂಲಿ, ಕೂಲಿ. ಹುಳ ತಿಂದ ತೂತು ಅವಳ ಹೆಸರಿಗೆ ಅರ್ಧ ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಅಷ್ಟು ಹೊತ್ತೂ ಸುಮ್ಮನಿದ್ದ ಅವಳು “ಇದು ನಮ್ ಮೇಷ್ಟ್ರ ಅಕ್ಷರ ಸಾರ್” ಅಂದಳು. ಅವಳ ಹೆಸರಿನ ಹಿಂದೆ ಮುಂದೆ ಇದ್ದ ಮಕ್ಕಳಲ್ಲಿ ಎಷ್ಟು ಜನ ಪಿಯುಸಿ ಮುಟ್ಟಿದರು ಅಂತ ಬಸ್ಸಿನಲ್ಲಿ ಲೆಕ್ಕ ಹಾಕಿದೆವು. ಅವಳನ್ನೂ ಸೇರಿಸಿ ಮೂರು.

ಮೇಡಂ ಸಹಿ ಹಾಕಿ ಸೀಲು ಒತ್ತಿದರು. ಹೈಸ್ಕೂಲಿನಲ್ಲೂ ಆಯಿತು. ಆಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಅದಕ್ಕೆ ಮೂರು ಸಲ ಹೋಗಬೇಕಾಯಿತು. ಒಂದು ಸಲ ಸಾಹೇಬರು ಮೀಟಿಂಗು. ಇನ್ನೊಂದು ಸಲ ನಮ್ಮದೇ ತಪ್ಪು: ಗ್ರಾಮೀಣಕ್ಕೆ ಒಂದು ನಮೂನೆ, ಕನ್ನಡ ಮಾಧ್ಯಮಕ್ಕೆ ಬೇರೆ ನಮೂನೆ, ನಾವು ಒಂದೇ ಮಾಡಿಸಿಕೊಂಡು ಹೋಗಿದ್ದೆವು. ಮತ್ತೆ ವಾಪಸ್ ಎರಡೂ ಶಾಲೆಗೆ. ಅಲ್ಲಿದ್ದ ಒಬ್ಬ ಗುಮಾಸ್ತರು ಮಾತ್ರ ನಮ್ಮನ್ನು ಕೂರಿಸಿ, ಯಾವ ಪತ್ರದಲ್ಲಿ ಯಾವ ಸಾಲು ತುಂಬಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರು. ಆ ಐದು ನಿಮಿಷವನ್ನು ಯಾರಾದರೂ ಜನವರಿಯಲ್ಲೇ ಪ್ರತಿ ಪಿಯು ಕಾಲೇಜಿಗೆ ಬಂದು ಕೊಟ್ಟಿದ್ದರೆ ಎಷ್ಟು ಜನರ ಎಷ್ಟು ದಿನ ಉಳಿಯುತ್ತಿತ್ತು.

ಚೆಕ್‌ರೋಲಿನಲ್ಲಿ ಆಗಲೇ ಎಂಟು ‘ಪು’. ಪರೀಕ್ಷೆ ಇನ್ನೂ ಬಂದೇ ಇರಲಿಲ್ಲ.

ಅರ್ಜಿಯನ್ನು ಪೇಟೆಯ ಒಂದು ಸೈಬರ್ ಅಂಗಡಿಯಲ್ಲಿ ತುಂಬಿಸಿದರು. ಆ ದಿನ ನಾನು ಹೋಗಿರಲಿಲ್ಲ, ಕಣದಲ್ಲಿ ಕಾಫಿ ಹರವಿತ್ತು. ಏಪ್ರಿಲ್‌ನಲ್ಲಿ ಚಿಕ್ಕಮಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಗಣಿತ ಸಮಯ ಸಾಲಲಿಲ್ಲ, ಕೊನೆಯ ಹತ್ತಕ್ಕೆ ಕಣ್ಣುಮುಚ್ಚಿ ಗುಂಡು ತುಂಬಿದೆ ಅಂದಳು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವುದು ದಡ್ಡತನ. ಅಷ್ಟಾದರೂ ಯಾರೋ ಹೇಳಿದ್ದರು ಅವಳಿಗೆ.

ಇಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ್‍ಯಾಂಕ್ ಕೊಡುತ್ತಾರೆ. ಅವಳದ್ದು 60 ಸಾವಿರ ದಾಟಿತ್ತು. ಅವಳಪ್ಪ “ಅರವತ್ ಸಾವ್ರ ಅಂದ್ರೆ ಒಳ್ಳೇದಾ ರೈಟ್ರೇ?” ಅಂತ ಕೇಳಿದ. ಅವನಿಗೆ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು, ಕೆಜಿ ಲೆಕ್ಕ ನೋಡಿ. ಹೇಗೆ ಹೇಳುವುದು ಅಂತ ತಿಳಿಯದೆ, ಪರವಾಗಿಲ್ಲ ಅಂದೆ.

ನಾನು ನಿಜವಾಗಿ ಬೆವರಿದ್ದು ಆಮೇಲೆ. ಆಪ್ಷನ್ ಎಂಟ್ರಿ ಶುರುವಾಗಿದೆ ಅಂತ ಅವಳ ಗೆಳತಿ ಹೇಳಿದಳು. ಅಂದರೆ ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನು ಒಂದು, ಎರಡು ಅಂತ ಸಾಲಾಗಿ ಆನ್‌ಲೈನಿನಲ್ಲಿ ತುಂಬುವುದು. ಲಾಗಿನ್ ಆಗಲು ಹೋದರೆ ಒಟಿಪಿ ಬರುತ್ತಿಲ್ಲ. ಅರ್ಧ ದಿನ ಹೆಣಗಿದ ಮೇಲೆ ಗೊತ್ತಾಯಿತು, ಅರ್ಜಿಯಲ್ಲಿ ಹಾಕಿರುವ ಮೊಬೈಲ್ ನಂಬರೇ ಇವರದ್ದಲ್ಲ. ಅಪ್ಪನ ಸಿಮ್ಮಿಗೆ ಅವತ್ತು ರೀಚಾರ್ಜ್ ಇರಲಿಲ್ಲವಂತೆ, ಒಟಿಪಿ ಬರಲಿಲ್ಲವಂತೆ, ಸೈಬರ್‌ನವನು ಕೆಲಸ ಬೇಗ ಮುಗಿಯಲಿ ಅಂತ ತನ್ನ ನಂಬರ್ ಹಾಕಿದ್ದ. ಕೆಟ್ಟ ಉದ್ದೇಶವೇನೂ ಇಲ್ಲ, ಅವನ ಅಂಗಡಿ ಮುಂದೆ ಅವತ್ತು ನಲವತ್ತು ಜನ ಇದ್ದರು. ಆದರೆ ಈಗ ಪುಟ್ಟಿಯ ಇಡೀ ಭವಿಷ್ಯ ಅವನ ಜೇಬಿನ ಮೊಬೈಲಿಗೆ ಬರುತ್ತಿದೆ! ಅವನೋ ಅಂಗಡಿ ಮುಚ್ಚಿ ಮದುವೆಗೆ ಹೋಗಿದ್ದಾನೆ. ಎರಡು ದಿನ ಬಿಟ್ಟು ಸಿಕ್ಕಿದ. ಒಟಿಪಿ ಹೇಳಿದ. ಅವನನ್ನು ಎದುರು ಕೂರಿಸಿಕೊಂಡೇ ನಂಬರ್ ಬದಲಿಸುವ ಕೆಲಸ ಮುಗಿಸಿದೆವು, ನನ್ನ ನಂಬರ್ ಹಾಕಿಸಿದೆ. ಯೂಸರ್ ಐಡಿ, ಪಾಸ್‌ವರ್ಡ್ ಎಲ್ಲ ಒಂದು ಹಾಳೆಯಲ್ಲಿ ಬರೆದು ಚೆಕ್‌ರೋಲಿನ ರಟ್ಟಿನೊಳಗೆ ಅಂಟಿಸಿಟ್ಟೆ. ನಿಮ್ಮ ಮನೆಯ ಮಕ್ಕಳ ಅರ್ಜಿಯನ್ನು ಬೇರೆಯವರ ಹತ್ತಿರ ತುಂಬಿಸುವುದಾದರೆ, ಆ ಹೊತ್ತಿಗೆ ನಿಮ್ಮ ಸಿಮ್ಮಿಗೆ ರೀಚಾರ್ಜ್ ಇರಲಿ. ಅಷ್ಟು ಸಣ್ಣದು ಎಷ್ಟು ದೊಡ್ಡದಾಗುತ್ತದೆ ಅಂದರೆ ನಂಬಲ್ಲ ನೀವು.

ಪುಷ್ಯ ಮಳೆ ಹೊಡೆಯುತ್ತಿತ್ತು. ನಮ್ಮಲ್ಲಿ ಆ ಮಳೆ ಶುರುವಾದರೆ ಕರೆಂಟು ಹೋದದ್ದು ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಮರ ಬಿದ್ದು ಲೈನು ಹರಿದು ಮೂರು ದಿನವಾಗಿತ್ತು, ಟವರ್‌ನ ಬ್ಯಾಟರಿಯೂ ಸತ್ತಿತ್ತು. ಜೀಪಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು, ಮೇಲಿನ ಗುಡ್ಡದ ನೀರಿನ ಟ್ಯಾಂಕಿನ ಹತ್ತಿರ ಹೋದರೆ ಬೇರೆ ಕಡೆಯ ಟವರಿನಿಂದ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ನಾನು, ಪುಟ್ಟಿ, ಅವಳಪ್ಪ ಮೂವರೂ ಹತ್ತಿದೆವು. ಅವಳಪ್ಪ ಎರಡು ಕೊಡೆ ಸೇರಿಸಿ ಹಿಡಿದುಕೊಂಡ. ಕೊಡೆಯ ಅಂಚಿನಿಂದ ಒಂದು ಹನಿ ಸ್ಕ್ರೀನಿನ ಮೇಲೆ ಬಿದ್ದರೆ ಸಾಕು, ಅದೇ ಏನನ್ನೋ ಒತ್ತಿಬಿಡುತ್ತದೆ. ಒಂದು ಸಲ ನಾವು ಸೇರಿಸಿದ ಕಾಲೇಜನ್ನು ಮಳೆಯೇ ಅಳಿಸಿತು. ಪುಟ್ಟಿ ಚೂಡಿದಾರದ ವೇಲಿನಿಂದ ಒರೆಸುವುದು, ನಾನು ಒತ್ತುವುದು, ಮತ್ತೆ ಒರೆಸುವುದು. ಕೆಳಗೆ ನೋಡಿದರೆ ನನ್ನ ಕಾಲಿನ ಬೆರಳ ಸಂದಿಯಲ್ಲಿ ಇಂಬಳ ಹೊಟ್ಟೆ ತುಂಬಿ ದುಂಡಗಾಗಿತ್ತು. ಕೀಳಲು ಕೈ ಖಾಲಿ ಇರಲಿಲ್ಲ.

ಅಷ್ಟೆಲ್ಲ ಮಾಡಿ ನಾನು ಮಾಡಿದ್ದು ತಪ್ಪು.

ನನ್ನ ತಲೆಯಲ್ಲಿ ಇದ್ದದ್ದು ಹೀಗೆ: ಮೊದಲು ಸಿಗುವಂಥದ್ದು ಹಾಕೋಣ, ದೊಡ್ಡ ಆಸೆ ಕೆಳಗೆ ಇರಲಿ. ಹತ್ತಿರದ ಒಂದು ಖಾಸಗಿ ಕಾಲೇಜನ್ನು ಮೊದಲನೇದಾಗಿ ಹಾಕಿದೆ. ಸರ್ಕಾರಿ ಕಾಲೇಜುಗಳನ್ನು ಆರು ಏಳನೇ ನಂಬರಿಗೆ ಹಾಕಿದೆ. ನಿಜದ ಹಂಚಿಕೆಗೆ ಮುಂಚೆ ತೋರಿಸುವ ಅಣಕು ಸೀಟು ಹಂಚಿಕೆ ಬಂದಾಗ ನೋಡಿದರೆ ಮೊದಲನೆಯದೇ ಸಿಕ್ಕಿದೆ. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ, ಯಾಕೆಂದರೆ ಅಲ್ಲಿನ ಫೀಸು ಇವರಿಂದ ಕಟ್ಟಲಾಗದ್ದು. ಆಗ ಪುಟ್ಟಿಯ ಕಾಲೇಜಿನ ಒಬ್ಬ ಲೆಕ್ಚರರ್‌ಗೆ ಫೋನ್ ಮಾಡಿದೆ. ಅವರು ನಕ್ಕರು. “ಕಂಪ್ಯೂಟರ್ ಮೇಲಿಂದ ಕೆಳಗೆ ನೋಡ್ತಾ ಬರುತ್ತೆ, ಮೊದಲು ಯಾವುದು ಸಿಗುತ್ತೋ ಅದನ್ನ ಕೊಟ್ಟು ನಿಲ್ಲಿಸುತ್ತೆ. ಅದಕ್ಕೆ ಮನಸ್ಸಿಗೆ ಬೇಕಾದ್ದು ಮೇಲೆ, ಸಿಕ್ಕರೆ ಸಾಕು ಅನ್ನೋದು ಕೆಳಗೆ. ಸಿಗಲ್ಲ ಅಂತ ಮೇಲೆ ಹಾಕದೆ ಇರ್ಬೇಡಿ, ಸಿಗದಿದ್ರೆ ನಷ್ಟ ಏನೂ ಇಲ್ಲ, ಕೆಳಗಿಂದು ಹೋಗಲ್ಲ. ಫೀಸು ಕಟ್ಟೋಕೆ ಆಗದ ಕಾಲೇಜು ಹಾಕ್ಲೇಬೇಡಿ.” ಎರಡು ನಿಮಿಷದ ಮಾತು. ಸುಲಭಕ್ಕೆ ಸಿಗುವುದನ್ನು ಮೊದಲು ಹಿಡಿದುಕೊಳ್ಳಬೇಕು ಅನ್ನುವ ನನ್ನ ಲೆಕ್ಕ ಇಲ್ಲಿ ತಲೆಕೆಳಗು. ಬದಲಿಸಲು ಅವಕಾಶ ಇತ್ತು, ಮತ್ತೆ ಗುಡ್ಡ ಹತ್ತಿದೆವು.

ಯಾವ ಬ್ರ್ಯಾಂಚ್ ಅಂತ ಕೇಳಿದಾಗ ಪುಟ್ಟಿ ಎಲೆಕ್ಟ್ರಾನಿಕ್ಸ್ ಅಂದಳು. ಯಾಕೆ ಅಂದರೆ “ಗೊತ್ತಿಲ್ಲ ಸಾರ್, ಇಲ್ಲಿ ಕರೆಂಟಿನ ಕಷ್ಟ ನೋಡಿ ನೋಡಿ ಇರ್ಬೇಕು” ಅಂತ ನಕ್ಕಳು. ಎಲೆಕ್ಟ್ರಾನಿಕ್ಸ್ ಓದಿದವರು ಕರೆಂಟ್ ಲೈನ್ ಸರಿಮಾಡುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು ಬಿಡಿ.

ಮೊದಲ ಸುತ್ತಿನಲ್ಲಿ ದೂರದ ಒಂದು ಕಡೆ ಬಂತು. ಆಗ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದು ಒತ್ತಿದರೆ ಒಪ್ಪಿಕೊಂಡು ಸೇರುವುದು. ಎರಡು ಒತ್ತಿದರೆ ಈ ಸೀಟು ಹಿಡಿದಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಮೂರು ಅಂದರೆ ಇದನ್ನು ಬಿಟ್ಟು ಮುಂದಿನ ಸುತ್ತು. ನಾಲ್ಕು ಅಂದರೆ ಸಹವಾಸವೇ ಬೇಡ. ಎರಡು ಒತ್ತಿದೆವು. ಒತ್ತುವ ಮುಂಚೆ ಅವಳಪ್ಪ ಮೊಬೈಲಿಗೆ ಕೈಮುಗಿದ. ಎರಡನೇ ಸುತ್ತಿನಲ್ಲಿ ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಎಲೆಕ್ಟ್ರಾನಿಕ್ಸ್. ಸೀಟು ಸಿಕ್ಕ ವರ್ಗ ಅನ್ನುವ ಕಡೆ ‘2ಎಆರ್’ ಅಂತಿತ್ತು. ಆ ಕೊನೆಯ ‘ಆರ್’ ಅಂದರೆ ರೂರಲ್. ಗೆದ್ದಲು ಹಿಡಿದ ಪುಸ್ತಕ, ಮೇಡಂ ಸೀಲು, ಬಿಇಒ ಆಫೀಸಿನ ಮೂರು ಸುತ್ತು, ಎಲ್ಲಾ ಆ ಒಂದಕ್ಷರದೊಳಗಿತ್ತು. ಅದಿಲ್ಲದೆ ಬರೀ 2ಎ ಜನರಲ್‌ನಲ್ಲಿ ಅದೇ ಕಾಲೇಜಿನ ಅದೇ ಬ್ರ್ಯಾಂಚಿನ ಕೊನೆಯ ರ್‍ಯಾಂಕ್ ನೋಡಿದೆ, ಇವಳಿಗೆ ಸಿಗುತ್ತಿರಲಿಲ್ಲ.

ಸೇರಿಸಲು ಹೋದ ದಿನದ ವಿಷಯ ಹೆಚ್ಚೇನಿಲ್ಲ. ಬೇಲೂರು ಮೇಲೆ ಹಾಸನಕ್ಕೆ ಸರ್ಕಾರಿ ಬಸ್ಸು. 2023ರಿಂದ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಪುಟ್ಟಿಗೂ ಅವಳಮ್ಮನಿಗೂ ಸೊನ್ನೆ ಟಿಕೆಟ್ಟು, ಅಪ್ಪನಿಗೆ ಮಾತ್ರ ದುಡ್ಡು. ತಮಾಷೆ ಅಂದರೆ ಎಸ್ಟೇಟಿನಿಂದ ಪೇಟೆಯವರೆಗಿನ 14 ಕಿಲೋಮೀಟರಿಗೆ ಸರ್ಕಾರಿ ಬಸ್ಸೇ ಇಲ್ಲ, ಅಲ್ಲಿ ಎಲ್ಲರಿಗೂ ದುಡ್ಡು. ಮಲೆನಾಡಿನ ಎಷ್ಟೋ ಊರಿನ ಹೆಣ್ಣುಮಕ್ಕಳಿಗೆ ಆ ಉಚಿತ ಪ್ರಯಾಣ ಪೇಟೆಯ ಬಸ್‌ಸ್ಟ್ಯಾಂಡಿನಿಂದ ಆಚೆಗೇ ಶುರುವಾಗುವುದು.

ಸೀಟು ಸಿಕ್ಕಿತು, ಇನ್ನು ಕಷ್ಟ ಮುಗಿಯಿತು ಅಂದುಕೊಂಡೆವು. ಹಾಸ್ಟೆಲ್ ಬಾಕಿ ಇತ್ತು. ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಹಾಕಿದ್ದೆವು, ಪಟ್ಟಿ ಬರಲು ತಡ. ಕಾಲೇಜು ಕಾಯುತ್ತದೆಯೇ? ಕ್ಲಾಸು ಶುರುವಾಯಿತು. ಅಮ್ಮನ ಕಡೆಯ ಯಾರೋ ದೂರದ ನೆಂಟರು ಹಾಸನದಲ್ಲಿದ್ದರು, ಅವರ ಮನೆಯ ಹಜಾರದಲ್ಲಿ ಒಂದೂವರೆ ತಿಂಗಳು ಮಲಗಿದಳು. ನೆಂಟರ ಮನೆಯಲ್ಲಿ ಇರುವುದೆಂದರೆ ಬೆಳಿಗ್ಗೆ ಎದ್ದು ಅವರ ಪಾತ್ರೆ ತೊಳೆದು ಕಾಲೇಜಿಗೆ ಹೋಗುವುದು ಅಂತ ಅವಳು ಹೇಳಲಿಲ್ಲ, ಅವಳಮ್ಮ ಹೇಳಿದಳು. ನನ್ನ ಅನಿಸಿಕೆ ಏನೆಂದರೆ ಹಳ್ಳಿ ಮಕ್ಕಳು ಕಾಲೇಜು ಬಿಡುವುದು ಇದೇ ಒಂದೆರಡು ತಿಂಗಳಲ್ಲಿ. ಸೀಟು ಇದೆ, ತಲೆ ಇಡಲು ಜಾಗ ಇಲ್ಲ. ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಅಂತ ತಿಂಗಳಿಗೆ ಇಷ್ಟು ಅಂತ ವರ್ಷಕ್ಕೆ ಹತ್ತು ತಿಂಗಳು ದುಡ್ಡು ಕೊಡುತ್ತಾರೆ, ಆದರೆ ಅದು ಕೈಗೆ ಬರುವುದು ಖರ್ಚಾದ ಎಷ್ಟೋ ದಿನದ ಮೇಲೆ. ಮೊದಲ ತಿಂಗಳ ಬಾಡಿಗೆ ಮೊದಲ ತಿಂಗಳೇ ಕೊಡಬೇಕು. ಪುಟ್ಟಿಗೆ ಪುಣ್ಯಕ್ಕೆ ಹಾಸ್ಟೆಲ್ಲೇ ಸಿಕ್ಕಿತು.

ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದಾಗ ಇನ್ನೊಂದು ಪಾಠವಾಯಿತು, ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆ ಅಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಅಂತ ಬೇರೆ ಇದೆ, ಅದು ಆಗಿರುವ ಖಾತೆಗೇ ದುಡ್ಡು ಬರುವುದು. ಬ್ಯಾಂಕಿಗೆ ಹೋಗಿ ಆ ಹೆಸರನ್ನೇ ಹೇಳಿ ಕೇಳಬೇಕು. ಲಿಂಕ್ ಆಗಿದೆಯಾ ಅಂದರೆ ಆಗಿದೆ ಅಂತಾರೆ, ಅವರು ಹೇಳುವುದೂ ಸುಳ್ಳಲ್ಲ.

ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಒಂದು ಸಬ್ಜೆಕ್ಟ್ ಹೋಯಿತು, ಗಣಿತವೇ. ಫೋನಿನಲ್ಲಿ ಅತ್ತಳಂತೆ. ನಾನು ನನ್ನ ಫಿಸಿಕ್ಸ್ ಕಥೆ ಹೇಳಿದೆ. ಅದರಿಂದ ಸಮಾಧಾನ ಆಯಿತೋ ಭಯವಾಯಿತೋ ಗೊತ್ತಿಲ್ಲ, ಮುಂದಿನ ಸಲ ಕಟ್ಟಿ ಪಾಸಾದಳು.

ವರ್ಷದ ಕೊನೆಗೆ ಚೆಕ್‌ರೋಲ್ ಕೂಡಿಸುವಾಗ ‘ಪು’ಗಳನ್ನು ಎಣಿಸಿದೆ. ಅಪ್ಪನ ಸಾಲಿನಲ್ಲಿ 17. ದಿನಕ್ಕೆ 400 ಚಿಲ್ಲರೆ ಅಂತ ಹಿಡಿದರೂ ಏಳು ಸಾವಿರದ ಹತ್ತಿರ ಹೋಯಿತು, ಬಸ್ಸು, ಜೆರಾಕ್ಸು, ಟೀ ಬೇರೆ. ಅಮ್ಮನ ಗೈರುಗಳಿಗೆ ನಾನು ಗುರುತು ಹಾಕಿರಲಿಲ್ಲ, ಹೊಳೆದಿರಲಿಲ್ಲ. ಅವಳೂ ಎಷ್ಟೋ ದಿನ ಹೋಗಿದ್ದಳು. ಸಿಇಟಿ ಅರ್ಜಿ ಶುಲ್ಕ ಇದರ ಮುಂದೆ ಯಾವ ಲೆಕ್ಕ? ಪೇಟೆಯ ಮಗುವಿಗೆ ಇದೇ ಕೆಲಸಗಳು ಅಪ್ಪ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವ ದಾರಿಯಲ್ಲಿ ಮುಗಿಯುತ್ತವೆ. ಸಾಹುಕಾರರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ನೋಡಿ, “ಇದನ್ನ ರಜೆ ಅಂತ ಹಾಕಿ ಕೊಟ್ಬಿಡಪ್ಪ” ಅಂದರು. ಕೊಟ್ಟೆವು. ಅಮ್ಮನದ್ದು ಅಂದಾಜಿನಲ್ಲಿ ಒಂದಿಷ್ಟು ಸೇರಿಸಿದೆ, ಅದನ್ನು ಅವರಿಗೆ ಹೇಳಲಿಲ್ಲ. ಎಲ್ಲ ಎಸ್ಟೇಟಿನಲ್ಲೂ ಹೀಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಈ ವರ್ಷ ಮತ್ತೆ ರೋಬಸ್ಟಾ ಕೆಂಪಾಗಿದೆ. ಮೊನ್ನೆ ತೂಕದ ಹೊತ್ತಿಗೆ ಕೆಳಗಿನ ಲೈನಿನ ಒಬ್ಬ ಬಂದು ತಲೆ ಕೆರೆದುಕೊಂಡು ನಿಂತ.

“ರೈಟ್ರೇ, ನಮ್ ಹುಡ್ಗಂದೂ ಒಂದ್ ನೋಡ್ಬೇಕಿತ್ತು. ಪುಟ್ಟಿದು ಮಾಡ್ಸಿದ್ರಲ್ಲ, ಹಂಗೆ.”

“ಹೈಸ್ಕೂಲು ಎಲ್ಲಿ ಓದಿದ್ದು ಅವನು?”

“ಪೇಟೇಲೇ ಹಾಕಿದ್ದೆ. ಒಳ್ಳೇ ಸ್ಕೂಲು ಅಂತ” ಅಂದ, ಸ್ವಲ್ಪ ಹೆಮ್ಮೆಯಿಂದಲೇ.

ನಾನು ತಕ್ಕಡಿಯ ಮುಳ್ಳು ನೋಡುತ್ತಾ ನಿಂತೆ. “ಕನ್ನಡ ಮೀಡಿಯಮ್ಮಾ?”

“ಹೂಂ, ಕನ್ನಡನೇ.”

“ಹಂಗಾದ್ರೆ ಭಾನುವಾರ ಕರ್ಕೊಂಡ್ ಬಾ. ಆಧಾರ್, ಎಸ್ಸೆಸ್ಸೆಲ್ಸಿ ಕಾರ್ಡು ಎರಡೂ ತಗೊಂಡ್ ಬಾ. ನಿನ್ ಸಿಮ್ಮಿಗೆ ರೀಚಾರ್ಜ್ ಇದ್ಯಾ?”